ಗಾಜಿನ ತೊಟ್ಟಿಯ ಪಾಚಿ

ಕಳೆದ ವರ್ಷ ಮಗಳ ಹುಟ್ಟುಹಬ್ಬಕ್ಕೆಂದು ಒಂದು ಗಾಜಿನ ತೊಟ್ಟಿಯನ್ನೂ ಆರು ಗಪ್ಪಿ ಮೀನುಗಳನ್ನೂ ಮನೆಗೆ ತಂದೆ. ಕಲ್ಯಾಣದಲ್ಲಿ ನಮ್ಮಂಥ ಗುಮಾಸ್ತರ ಎರಡು ಕೋಣೆಯ ಸಂಸಾರದಲ್ಲಿ ನಾಯಿ, ಬೆಕ್ಕುಗಳಿಗೆ ಜಾಗವೆಲ್ಲಿ? ಬಂದವರ ಕಣ್ಣಿಗೆ ಬೀಳಲೆಂದು ತೊಟ್ಟಿಯನ್ನು ಪಡುವಣ ಕಿಟಕಿಯ ಬಳಿ ಇರಿಸಿದೆವು. ಬೆಳಿಗ್ಗೆ ಮಗಳು, ಮಧ್ಯಾಹ್ನ ನಮ್ಮಾಕೆ, ರಾತ್ರಿ ಲೋಕಲ್ ಗಾಡಿಯಿಳಿದು ಬಂದ ನಾನು, ಹೀಗೆ ಮೂವರೂ ಮೀನಿಗೆ ಬಡಿಸಿದ್ದೇ ಬಡಿಸಿದ್ದು! ತಿಂಗಳೊಳಗೆ ಗಾಜೆಲ್ಲ ಹಸಿರಾಗಿ ಮೀನುಗಳೇ ಕಾಣದಾದವು.

ಆಗ ಶಿರಸಿಯಿಂದ ಮಾವನವರು ಬಂದಿದ್ದರು. ಅಡಿಕೆ ತೋಟದವರು. "ಕೊಳೆರೋಗವನ್ನೇ ನಿಲ್ಲಿಸುವ ಮೈಲುತುತ್ತಕ್ಕೆ ಈ ಪಾಚಿ ಯಾವ ಲೆಕ್ಕ?" ಎಂದು ನಕ್ಕರು. ಅವರದು ಬರಿಯ ಮಾತು, ಬಿ.ಎ. ಓದಿದ ನಾನು ಅದನ್ನು ಮಾಡಿಯೇ ಬಿಟ್ಟೆ. ಮರುದಿನ ಒಂದು ಚಿಟಿಕೆ ನೀಲಿ ಹರಳನ್ನು ನೀರಿಗೆ ಹಾಕಿದೆ. ಬೆಳಗಾಗುವಷ್ಟರಲ್ಲಿ ನಾಲ್ಕು ಮೀನುಗಳು ಸತ್ತು ತೇಲುತ್ತಿದ್ದವು. "ಪಾಚಿ ಹಾಗೇ ಇದೆಯಲ್ಲಪ್ಪ, ಮೀನೇ ಹೋದವು" ಎಂದಳು ಮಗಳು. ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ತೋಟದಲ್ಲಿ ಕೂಡ ಮೈಲುತುತ್ತವನ್ನು ಬರಿದೇ ಹೊಡೆಯುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, ಸುಮಾರು ಅಷ್ಟೇ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತಾರೆ. ಸುಣ್ಣವು ಅದರ ಉಗ್ರತೆಯನ್ನು ತಗ್ಗಿಸುತ್ತದೆ. ನೀರಿನಲ್ಲಿ ಕರಗಿದ ತಾಮ್ರವು ಮೀನಿನ ಕಿವಿರನ್ನು ಕೆಡಿಸುತ್ತದೆ. ಬಸವನಹುಳು, ಸಿಗಡಿಗಳಿಗೆ ಅದು ಇನ್ನೂ ಕಠಿಣ. ಔಷಧದಿಂದ ಪಾಚಿ ಒಮ್ಮೆಲೇ ಸತ್ತರೂ ಅಪಾಯವೇ: ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳು ಮೇಲೆ ಬಂದು ಬಾಯಿಬಿಡುತ್ತವೆ.

ಪಾಚಿಯು ರೋಗವಲ್ಲ, ಬೆಳಕೂ ಆಹಾರವೂ ಅತಿಯಾಗಿವೆ ಎಂಬುದರ ಗುರುತು. ಆದ್ದರಿಂದ ಮೊದಲು ತೊಟ್ಟಿಯನ್ನು ಬಿಸಿಲಿನಿಂದ ಸರಿಸಿರಿ. ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಮಾತ್ರ ಉರಿಸಿರಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ಗಾಜಿನ ಪಾಚಿಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಿರಿ, ಸಾಬೂನು ಸೋಕಿಸಬೇಡಿರಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟ ನೀರನ್ನು ಬಳಸಿರಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿಗಳನ್ನು ಹಾಕಿರಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ. ನಲ್ಲಿಯ ನೀರಿನಲ್ಲಿ ತೊಳೆದರೆ ಹೊಲಸನ್ನು ಕರಗಿಸುವ ಉಪಕಾರಿ ಸೂಕ್ಷ್ಮಜೀವಿಗಳು ಸಾಯುತ್ತವೆ. ನೀರೇ ಹಸಿರಾಗಿದ್ದರೆ ತೊಟ್ಟಿಗೆ ಮೂರು ದಿನ ದಪ್ಪ ಬಟ್ಟೆ ಹೊದಿಸಿ, ಗಾಳಿಯ ಪಂಪು ನಡೆಯುತ್ತಿರಲಿ. ಬಳಿಕ ಸ್ವಲ್ಪ ನೀರು ಬದಲಿಸಿರಿ. ಕಲ್ಲಿನ ಮೇಲೆ ಅಷ್ಟಿಷ್ಟು ಪಾಚಿ ಉಳಿದರೆ ಚಿಂತೆಯಿಲ್ಲ.

ನಮ್ಮಲ್ಲಿ ಉಳಿದ ಎರಡು ಮೀನುಗಳು ಈಗ ಹದಿನಾಲ್ಕಾಗಿವೆ. ಹೆಚ್ಚಾದವೆಂದು ಕಾಳಾ ತಲಾವಿಗೆ ಬಿಡುವ ಯೋಚನೆ ಬಂದಿತ್ತು. ಅಲ್ಲಿಯ ಜೀವಗಳಿಗೆ ಅದು ಕೇಡೆಂದು ತಿಳಿದು ನೆರೆಮನೆಯವರಿಗೆ ಕೊಡುತ್ತಿದ್ದೇವೆ. ತೊಟ್ಟಿಯ ಪಕ್ಕ ಮಗಳು ಒಂದು ಪುಸ್ತಕವಿಟ್ಟಿದ್ದಾಳೆ. ಆಹಾರ ಹಾಕಿದವರು ಅದರಲ್ಲಿ ರುಜು ಹಾಕಬೇಕು. ಮೊನ್ನೆ ನಾನು ತಡವಾಗಿ ಬಂದು ಡಬ್ಬಿಗೆ ಕೈ ಹಾಕಿದೆ. "ಅಪ್ಪ, ಮೊದಲು ಪುಸ್ತಕ ನೋಡು" ಎಂದಳು. ನೋಡಿದೆ, ಊಟವಾಗಿತ್ತು. ಡಬ್ಬಿಯನ್ನು ಮುಚ್ಚಿಟ್ಟೆ.