ಪಟ್ಟ ಯಾರಿಗೆ? ವಾದ ಕನ್ನಡದಲ್ಲೇ ನಡೆಯಲಿ!

ಅಮೆರಿಕದ ಜಾರ್ಜ್ ಆರ್.ಆರ್. ಮಾರ್ಟಿನ್ ಬರೆಯುತ್ತಿರುವ ರಾಜರು, ಡ್ರ್ಯಾಗನ್‌ಗಳ ಕಥಾಮಾಲೆಯ ಐದನೆಯ ಕಾದಂಬರಿ ಬಂದದ್ದು 2011ರಲ್ಲಿ. ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಲೇ ಇದ್ದಾರೆ! 2019ರಲ್ಲಿ ಟಿ.ವಿ. ಧಾರಾವಾಹಿ ಬ್ರಾನ್ ಎಂಬ ಹುಡುಗನಿಗೆ ಪಟ್ಟ ಕಟ್ಟಿ ಮುಗಿಯಿತು. ಪುಸ್ತಕದಲ್ಲೂ ಹಾಗೆಯೇ ಆದೀತೇ? ಜಗತ್ತಿನಾದ್ಯಂತ ವಾದವೋ ವಾದ! ಹುಬ್ಬಳ್ಳಿ-ಧಾರವಾಡದ ಓದುವ ಹುಡುಗರೂ ಹಿಂದೆ ಬಿದ್ದಿಲ್ಲ.

ಇದು ಕೆಲಸವಿಲ್ಲದವರ ಹರಟೆ ಎನ್ನುವ ಹಿರಿಯರೇ, ತಾಳಿ. ನಮ್ಮ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ಕುಮಾರವ್ಯಾಸ ಮಹಾಭಾರತದ ಹತ್ತೇ ಪರ್ವ ಬರೆದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. 1963ರಲ್ಲಿ ತ್ರಿವೇಣಿ ತೀರಿಕೊಂಡಾಗ ಅರ್ಧಕ್ಕೆ ನಿಂತ 'ಅವಳ ಮಗಳು' ಕಾದಂಬರಿಯನ್ನು ಎಂ.ಸಿ. ಪದ್ಮಾ ಮುಗಿಸಿದರು. ನಿಂತ ಕತೆಯನ್ನು ಮುಂದೆ ನಡೆಸುವುದು ಕನ್ನಡಕ್ಕೆ ಹೊಸದಲ್ಲ!

ನಮ್ಮ ತಕರಾರು ಬೇರೆ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗರಿಗೆ ಈ ವಾದಕ್ಕೆ ಮಾತ್ರ ಇಂಗ್ಲಿಷ್ ಏಕೆ? ಮಾಟ, ಪಿತೂರಿ, ದಾಯಾದಿ ಜಗಳಕ್ಕೆ ಕನ್ನಡದಲ್ಲಿ ಮಾತಿಗೆ ಬರವೇ? 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿದ ಧಾರವಾಡ ಇದು!

ತರುಣರೇ, ಪಟ್ಟ ಯಾರಿಗೆ, ಏಕೆ ಎಂದು ಕನ್ನಡದಲ್ಲಿ ಬರೆಯಿರಿ. ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಹಚ್ಚಿರಿ, ಜಗಳಾಡಿರಿ. ಇಂದು ಪರರ ಕತೆಗೆ ಕೊನೆ ಹುಡುಕುವ ಕೈ ನಾಳೆ ಕನ್ನಡದ ಕತೆಯೊಂದನ್ನು ಆರಂಭಿಸೀತು.