ಮಗ್ಗ ಹತ್ತಾದರೆ ಗಂಟು ಬೇಗ ಬೀಳುವುದೇ?

ಉದ್ದಿಮೆ ದೊಡ್ಡದಾದಷ್ಟೂ ಅದರ ಉತ್ಪಾದಕತೆ, ಅಂದರೆ ಕೆಲಸಗಾರನೊಬ್ಬ ಗೊತ್ತಾದ ಅವಧಿಯಲ್ಲಿ ಸರಕಿಗೆ ಸೇರಿಸುವ ಮೌಲ್ಯ, ಹೆಚ್ಚುತ್ತದೆ ಎಂಬುದು ಅರ್ಥಶಾಸ್ತ್ರದ ಹಳೆಯ ನಂಬಿಕೆ. 1776ರಲ್ಲಿ ಆಡಂ ಸ್ಮಿತ್ ವರ್ಣಿಸಿದ ಗುಂಡುಸೂಜಿಯ ಕಾರ್ಖಾನೆಯಲ್ಲಿ ಹತ್ತು ಮಂದಿ ಕೆಲಸವನ್ನು ಹಂಚಿಕೊಂಡು ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು. ಒಬ್ಬೊಬ್ಬರೇ ಕುಳಿತಿದ್ದರೆ ತಲಾ 20 ಸೂಜಿಯೂ ಆಗುತ್ತಿರಲಿಲ್ಲ. ಈ ನಂಬಿಕೆ ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದನ್ನು ಒರೆಗೆ ಹಚ್ಚಿ ನೋಡಲು ಉತ್ತರ ಕನ್ನಡ ಜಿಲ್ಲೆಯೊಂದೇ ಸಾಕು: ಅಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಯೂ ಇದೆ, ಮುಂಡಗೋಡದ ಟಿಬೆಟನ್ ಕಾಲೊನಿಯ ರತ್ನಗಂಬಳಿಯ ಮಗ್ಗವೂ ಇದೆ.

1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಬೆಳೆದದ್ದು ಪಾತ್ರೆಯ ಗಣಿತದಿಂದ. ತಿರುಳು ಬೇಯಿಸುವ ಪಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ಅದಕ್ಕೆ ಬೇಕಾಗುವ ಉಕ್ಕಿನ ತಗಡು ನಾಲ್ಕು ಪಟ್ಟಾಗುತ್ತದೆ, ಆದರೆ ಅದರೊಳಗೆ ಹಿಡಿಯುವ ತಿರುಳು ಎಂಟು ಪಟ್ಟಾಗುತ್ತದೆ. ಹೀಗಾಗಿ ಇಂಥ ಸ್ಥಾವರದ ಸಾಮರ್ಥ್ಯ ಎರಡು ಪಟ್ಟಾದಾಗ ಹೂಡುವ ವೆಚ್ಚ ಸುಮಾರು ಒಂದೂವರೆ ಪಟ್ಟು ಮಾತ್ರ ಏರುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಗಾತ್ರದ ಮಿತವ್ಯಯ ಎಂದು ಕರೆಯುವುದು ಇದನ್ನೇ.

ರತ್ನಗಂಬಳಿಯ ಮಗ್ಗಕ್ಕೆ ಈ ಗಣಿತ ಒಗ್ಗುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಚೌಕಟ್ಟಿಗೆ ಹತ್ತಿಯ ಹಾಸುನೂಲನ್ನು ಬಿಗಿದು, ಅದಕ್ಕೆ ಅಡ್ಡಲಾಗಿ ಒಂದು ಸರಳನ್ನು ಹಿಡಿದು, ಉಣ್ಣೆಯ ಎಳೆಯನ್ನು ಹಾಸಿನ ಹಿಂದಿನಿಂದ ತಂದು ಸರಳಿನ ಮೇಲೆ ಸುತ್ತುತ್ತ ಹೋಗುವುದು ಟಿಬೆಟನ್ ನೇಯ್ಗೆಯ ಕ್ರಮ. ಸಾಲು ಮುಗಿದ ಮೇಲೆ ಅದನ್ನು ಬಡಿದು ಕೂರಿಸಿ, ಸರಳಿನ ಉದ್ದಕ್ಕೂ ಚೂರಿ ಎಳೆದರೆ ಸುತ್ತುಗಳೆಲ್ಲ ಸೀಳಿ ಗಂಬಳಿಯ ರೋಮ ಎದ್ದು ನಿಲ್ಲುತ್ತದೆ. ಮೂರು ಅಡಿ ಅಗಲ, ಆರು ಅಡಿ ಉದ್ದದ ಗಂಬಳಿಯಲ್ಲಿ 2,592 ಚದರ ಇಂಚುಗಳಿವೆ. ಚದರ ಇಂಚಿಗೆ 60 ಗಂಟು ಎಂದು ಹಿಡಿದರೂ 1,55,520 ಗಂಟುಗಳನ್ನು ಬೆರಳುಗಳೇ ಹಾಕಬೇಕು. ಒಂದು ಮಗ್ಗದ ಜಾಗದಲ್ಲಿ ಹತ್ತು ಮಗ್ಗ ಹೂಡಿದರೆ ಗಂಬಳಿಗಳು ಹತ್ತಾಗುತ್ತವೆ, ನೇಕಾರರೂ ಅಷ್ಟೇ ಪಟ್ಟಾಗುತ್ತಾರೆ, ಗಂಟೊಂದಕ್ಕೆ ಹಿಡಿಯುವ ಹೊತ್ತು ಮಾತ್ರ ಇದ್ದಷ್ಟೇ ಇರುತ್ತದೆ; ಮೇಲ್ವಿಚಾರಕನೊಬ್ಬನ ಸಂಬಳ ಸೇರಿದರೆ ತಲಾ ಉತ್ಪಾದಕತೆ ಒಂದಿಷ್ಟು ಇಳಿದರೂ ಇಳಿದೀತು.

ಹಾಗೆಂದು ಗಾತ್ರಕ್ಕೆ ಇಲ್ಲಿ ಕೆಲಸವೇ ಇಲ್ಲ ಎನ್ನುವುದು ಆತುರದ ತೀರ್ಮಾನ. ಲಾಭ ಇರುವುದು ಮಗ್ಗದ ಮೇಲಲ್ಲ, ಮಗ್ಗದ ಸುತ್ತ. ಉಣ್ಣೆಯನ್ನು ಸಗಟಿನಲ್ಲಿ ಕೊಳ್ಳುವುದು, ಒಂದೇ ಕಡಾಯಿಯಲ್ಲಿ ಒಟ್ಟಿಗೆ ಬಣ್ಣ ಕಟ್ಟುವುದು, ವಿನ್ಯಾಸದ ನಕ್ಷೆ ಬರೆಯುವುದು, ಕತ್ತರಿಸಿ ಒಪ್ಪ ಮಾಡುವುದು, ದೂರದ ಕೊಳ್ಳುಗನನ್ನು ಹುಡುಕುವುದು, ಇವೆಲ್ಲ ಒಂಟಿ ನೇಕಾರರಿಗೆ ದುಬಾರಿ. ಬಣ್ಣದ ಮಾತೊಂದನ್ನೇ ತೆಗೆದುಕೊಂಡರೂ ಸಾಕು: ಬೇರೆ ಬೇರೆ ದಿನ ಚಿಕ್ಕ ಚಿಕ್ಕ ಪಾತ್ರೆಯಲ್ಲಿ ಅದ್ದಿದ ನೂಲಿನ ಕೆಂಪು ಒಂದಕ್ಕೊಂದು ಹೊಂದುವುದಿಲ್ಲ, ಹೊಂದದ ಕೆಂಪಿನ ಐವತ್ತು ಗಂಬಳಿಗಳನ್ನು ಯಾವ ವ್ಯಾಪಾರಿಯೂ ಒಂದೇ ಬೇಡಿಕೆಯ ಲೆಕ್ಕದಲ್ಲಿ ಒಪ್ಪಿಕೊಳ್ಳುವುದಿಲ್ಲ. 1966ರಲ್ಲಿ ನಿರಾಶ್ರಿತರ ವಸತಿಯಾಗಿ ನೆಲೆಗೊಂಡು, ಕ್ಯಾಂಪುಗಳಾಗಿ ಹಂಚಿಹೋದ ಈ ಊರಿನಲ್ಲಿ ಕರಕುಶಲ ಕೇಂದ್ರವೂ ಸಹಕಾರ ಸಂಘವೂ ಹುಟ್ಟಿಕೊಂಡದ್ದನ್ನು ಧರ್ಮಕಾರ್ಯ ಎಂದಷ್ಟೇ ಎಣಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ಹತ್ತು ಜನರ ಕಡ್ಡಿ ಒಬ್ಬನ ಹೊರೆ ಎಂಬ ಗಾದೆ ಕಡಾಯಿಗೆ ಸಲ್ಲುತ್ತದೆ, ಗಂಟಿಗೆ ಸಲ್ಲದು.

2018-19ರ ಕೇಂದ್ರ ಆರ್ಥಿಕ ಸಮೀಕ್ಷೆ, ಹತ್ತು ವರ್ಷ ದಾಟಿಯೂ ನೂರು ಕೆಲಸಗಾರರನ್ನು ಮುಟ್ಟದ ಘಟಕಗಳನ್ನು ‘ಕುಬ್ಜ’ಗಳೆಂದು ಕರೆದು, ಸಂಘಟಿತ ತಯಾರಿಕಾ ಘಟಕಗಳಲ್ಲಿ ಅರ್ಧದಷ್ಟಿರುವ ಅವು ಉದ್ಯೋಗದಲ್ಲಿ ಶೇ 14ರಷ್ಟು, ಉತ್ಪಾದಕತೆಯಲ್ಲಿ ಶೇ 8ರಷ್ಟು ಮಾತ್ರ ಪಾಲು ಪಡೆದಿವೆ ಎಂದಿತು. ಅಂಕಿಗಳು ಸುಳ್ಳಲ್ಲ, ಆದರೆ ಬೆಳೆದದ್ದರಿಂದ ಉತ್ಪಾದಕತೆ ಬಂದಿತೇ ಅಥವಾ ಮೊದಲೇ ಉತ್ಪಾದಕತೆ ಇದ್ದವು ಬೆಳೆದವೇ ಎಂಬ ಪ್ರಶ್ನೆಗೆ ಅವು ಉತ್ತರ ಹೇಳುವುದಿಲ್ಲ. ಸಮೀಕ್ಷೆ ಬೊಟ್ಟು ಮಾಡಿದ್ದು ಸಣ್ಣದಾಗಿ ಉಳಿದರೆ ಲಾಭ ಎನ್ನಿಸುವ ರಿಯಾಯಿತಿಗಳತ್ತ ಮತ್ತು ಕಾರ್ಮಿಕ ಕಾಯ್ದೆಗಳತ್ತ. 1948ರ ಕಾರ್ಖಾನೆ ಕಾಯ್ದೆಯು ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕೆಲಸಗಾರರಿಗೆ ಗೆರೆ ಎಳೆದದ್ದು ಅಂಥದೊಂದು ಉದಾಹರಣೆ. ಕಾಲೊನಿಯ ಮಟ್ಟಿಗೆ ಗೆರೆ ಬೇರೆಯದು. ಅಲ್ಲಿನ ನೆಲ ಕೃಷಿಗೆ, ವಸತಿಗೆ ದಕ್ಕಿದ ಸರ್ಕಾರಿ ನೆಲವಾದ್ದರಿಂದ ಬ್ಯಾಂಕಿಗೆ ಅಡವಿಡುವ ಸ್ವಂತ ಆಸ್ತಿಯಾಗಲಾರದು. 2014ರ ಟಿಬೆಟನ್ ಪುನರ್ವಸತಿ ನೀತಿ ಭೂಮಿಯ ಗುತ್ತಿಗೆಗೂ ವ್ಯಾಪಾರದ ಪರವಾನಗಿಗೂ ದಾರಿ ತೋರಿದರೂ, ಗುತ್ತಿಗೆಯ ಕಾಗದಕ್ಕೂ ಖಾತೆಯ ಕಾಗದಕ್ಕೂ ಸಾಲ ಕೊಡುವವನ ಕಣ್ಣಲ್ಲಿ ಅಂತರ ಇದ್ದೇ ಇದೆ.

ಮಗ್ಗಗಳು ಸಣ್ಣದಾಗಿಯೇ ಉಳಿಯಲು ಇನ್ನೊಂದು ಕಾರಣ ಋತುವಿನದು. ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆ ನಗರಗಳಿಗೆ ಹೋಗುವುದು ಭಾರತದ ಟಿಬೆಟನ್ ಕುಟುಂಬಗಳ ದೊಡ್ಡ ಆದಾಯಮಾರ್ಗವಾಗಿದ್ದು, ಆ ಕೆಲವು ತಿಂಗಳುಗಳ ಗಳಿಕೆಯ ಮುಂದೆ ನೇಯ್ಗೆಯ ಕೂಲಿ ಸಣ್ಣದಾಗಿ ಕಾಣುತ್ತದೆ. ಸಾಲ ಮಾಡಿ ಯಂತ್ರ ಹೂಡಿದ ಕಾರ್ಖಾನೆಗೆ ಇಂಥ ರಜೆ ಕೊಡಲಾಗದು, ಏಕೆಂದರೆ ಯಂತ್ರ ನಿಂತ ದಿನವೂ ಬಡ್ಡಿ ನಡೆಯುತ್ತದೆ. ಮರದ ಮಗ್ಗಕ್ಕೆ ಆ ಕಾಟವಿಲ್ಲ. ಅರ್ಧ ನೇಯ್ದ ಗಂಬಳಿಯ ಮೇಲೊಂದು ಬಟ್ಟೆ ಹೊದಿಸಿ ಹೋದರೆ, ಮರಳಿ ಬಂದವರು ಅದೇ ಸಾಲಿನಿಂದ ಮುಂದುವರಿಸಬಹುದು.