ನಾಸಾ ಚಿತ್ರದ ಕಪ್ಪು ಮೂಲೆ: ಮುಚ್ಚಿಟ್ಟದ್ದೋ, ಹೊಲಿಗೆಯಲ್ಲಿ ಉಳಿದದ್ದೋ?

ಬಾಹ್ಯಾಕಾಶದ ಸುಂದರ ಚಿತ್ರವೊಂದು. ಅದರ ಮೂಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಂಥ ಕಪ್ಪು ಭಾಗ, ಅದರ ಸುತ್ತ ಕೆಂಪು ವೃತ್ತ, ಕೆಳಗೆ 'ಇಲ್ಲಿ ಏನನ್ನು ಮುಚ್ಚಿಟ್ಟಿದ್ದಾರೆ?' ಎಂಬ ಪ್ರಶ್ನೆ. ಇಂಥ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಎಷ್ಟೋ ಸಲ ಚಿತ್ರ ಅಸಲಿಯೇ ಆಗಿರುತ್ತದೆ, ಕಪ್ಪು ಭಾಗವೂ ಅಸಲಿಯೇ. ಸುಳ್ಳು ಇರುವುದು ಅದರ ಕೆಳಗಿನ ಬರಹದಲ್ಲಿ.

ಎಲ್ಲರಿಗೂ ಪರಿಚಿತವಾದ ಉದಾಹರಣೆ ತೆಗೆದುಕೊಳ್ಳೋಣ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ 'ಪಿಲ್ಲರ್ಸ್ ಆಫ್ ಕ್ರಿಯೇಷನ್' ಚಿತ್ರದಲ್ಲಿ, ಅನಿಲ ಮತ್ತು ಧೂಳಿನ ಮೂರು ದೈತ್ಯ ಕಂಬಗಳ ಬಲ ಮೇಲ್ಮೂಲೆಯಲ್ಲಿ ಮೆಟ್ಟಿಲಿನಂತೆ ಒಂದು ಭಾಗ ಖಾಲಿ ಇದೆ. ಆಗ ಹಬಲ್‌ನಲ್ಲಿದ್ದ ಕ್ಯಾಮೆರಾದಲ್ಲಿ ನಾಲ್ಕು ಚೌಕ ಚಿಪ್‌ಗಳಿದ್ದವು. ಮೂರು ಒಂದೇ ಅಳತೆಯಲ್ಲಿ ಆಕಾಶವನ್ನು ನೋಡುತ್ತಿದ್ದವು. ನಾಲ್ಕನೆಯದು ಮಾತ್ರ ಚಿಕ್ಕ ಜಾಗವನ್ನು ಹೆಚ್ಚು ಹಿಗ್ಗಿಸಿ ನೋಡುತ್ತಿತ್ತು. ನಾಲ್ಕನ್ನೂ ಒಂದೇ ಅಳತೆಗೆ ತಂದು ಜೋಡಿಸಿದರೆ ನಾಲ್ಕನೆಯ ತುಂಡು ಕುಗ್ಗಿ, ತನ್ನ ಚೌಕದ ಸುಮಾರು ಐದನೇ ಒಂದು ಪಾಲನ್ನಷ್ಟೇ ತುಂಬುತ್ತದೆ. ಉಳಿದದ್ದು ಕಪ್ಪು. 2009ರಲ್ಲಿ ಗಗನಯಾತ್ರಿಗಳು ಆ ಕ್ಯಾಮೆರಾ ತೆಗೆದು ಹೊಸದನ್ನು ಕೂರಿಸಿದರು. ಅದರಿಂದ ಅದೇ ಕಂಬಗಳನ್ನು ಮತ್ತೆ ಚಿತ್ರಿಸಿ 2015ರ ಆರಂಭದಲ್ಲಿ ಬಿಡುಗಡೆ ಮಾಡಿದರು. ಈ ಬಾರಿ ಮೂಲೆ ತುಂಬಿತ್ತು. ಅಲ್ಲಿ ಕಂಡದ್ದು ಸುತ್ತಮುತ್ತ ಇದ್ದಂಥದೇ ಅನಿಲ, ಅಂಥವೇ ನಕ್ಷತ್ರಗಳು.

ಒಂದೇ ಸಲಕ್ಕೆ ಪೂರ್ತಿ ಚಿತ್ರ ಯಾಕೆ ತೆಗೆಯುವುದಿಲ್ಲ? ದೊಡ್ಡ ದೂರದರ್ಶಕಗಳ ನೋಟ ಬಹಳ ಕಿರಿದು. ಹಬಲ್‌ನ ಮುಖ್ಯ ಕ್ಯಾಮೆರಾ ಒಮ್ಮೆಗೆ ನೋಡುವ ಅಗಲ ಹುಣ್ಣಿಮೆ ಚಂದ್ರನ ಅಗಲದ ಒಂಬತ್ತನೇ ಒಂದು ಪಾಲು. ಆಂಡ್ರೊಮಿಡಾ ಗೆಲಾಕ್ಸಿಯೋ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. 2015ರಲ್ಲಿ ಬಂದ ಅದರ ಪ್ರಸಿದ್ಧ ಚಿತ್ರಕ್ಕೆ ಹಬಲ್ ಅನ್ನು 411 ಕಡೆಗೆ ತಿರುಗಿಸಿ 7,398 ಬಾರಿ ಚಿತ್ರ ತೆಗೆಯಬೇಕಾಯಿತು. ಅಷ್ಟಾದರೂ ಸಿಕ್ಕಿದ್ದು ಗೆಲಾಕ್ಸಿಯ ಒಂದು ಭಾಗ ಮಾತ್ರ. ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ ನೇರಳಾತೀತ ದೂರದರ್ಶಕವಿದೆ. ಅದರ ನೋಟ ಹೆಚ್ಚೂಕಡಿಮೆ ಚಂದ್ರನಷ್ಟೇ ಅಗಲ, ಹಬಲ್‌ಗೆ ಹೋಲಿಸಿದರೆ ಧಾರಾಳ. ಆದರೂ ಆಂಡ್ರೊಮಿಡಾ ಅದರ ಒಂದು ಚೌಕಟ್ಟಿನಲ್ಲಿ ಹಿಡಿಸುವುದಿಲ್ಲ.

ಹಾಗಾಗಿ ತುಂಡುಗಳನ್ನು ಹೊಲಿಯಲೇಬೇಕು, ಹಳೆಯ ಸೀರೆ ತುಂಡುಗಳಿಂದ ಕೌದಿ ಹೊಲಿದಂತೆ. ಇದಕ್ಕಿರುವ ತಂತ್ರಾಂಶಗಳಲ್ಲಿ ಒಂದರ ಹೆಸರು 'ಮೊಂಟಾಜ್'. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ, ನಾಸಾ ನೆರವಿನಿಂದ ಬೆಳೆದದ್ದು. ಅದರ ಸೋರ್ಸ್ ಕೋಡ್ ಬಹಿರಂಗವಾಗಿದೆ, ನೀವೂ ಉಚಿತವಾಗಿ ಇಳಿಸಿಕೊಳ್ಳಬಹುದು. ಫೋಟೋ ಆ್ಯಪ್‌ಗಳಂತೆ ಇದರಲ್ಲಿ ಬಟನ್ ಒತ್ತಿ ಕೆಲಸ ಮಾಡುವುದಿಲ್ಲ. ಕಪ್ಪು ಪರದೆಯ ಮೇಲೆ ಆದೇಶಗಳನ್ನು ಒಂದೊಂದೇ ಸಾಲಾಗಿ ಟೈಪ್ ಮಾಡಬೇಕು. ನೋಡಲು ಹಳೇಕಾಲದ ಪದ್ಧತಿ ಅನ್ನಿಸುತ್ತದೆ, ಆದರೆ ಇದರಿಂದ ದೊಡ್ಡ ಲಾಭವಿದೆ. ಬರೆದಿಟ್ಟ ಆದೇಶಗಳನ್ನು ಬೇರೆ ದೇಶದ ಬೇರೊಬ್ಬರು ಅದೇ ಮೂಲಚಿತ್ರಗಳ ಮೇಲೆ ಓಡಿಸಿದರೆ ಅದೇ ಫಲಿತಾಂಶ ಬರಬೇಕು. ಗುಟ್ಟಾಗಿ ಏನಾದರೂ ಒರೆಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಮೊದಲ ಕೆಲಸ, ಎಲ್ಲ ತುಂಡುಗಳನ್ನೂ ಒಂದೇ ನಕ್ಷೆಗೆ ಕೂರಿಸುವುದು. ಆಕಾಶ ಗೋಳದಂತೆ, ಚಿತ್ರ ಚಪ್ಪಟೆ. ಮೂಸಂಬಿ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿದರೆ ಹರಿಯುತ್ತದಲ್ಲ, ಅದೇ ಸಮಸ್ಯೆ. ಪ್ರತಿ ಚಿತ್ರದ ಜೊತೆ ಅದು ಆಕಾಶದ ಯಾವ ಜಾಗದ್ದು ಎಂಬ ವಿವರ ಇರುತ್ತದೆ. ಅದನ್ನು ಓದಿ, ನಕ್ಷತ್ರಗಳ ಸ್ಥಾನವೂ ಬೆಳಕಿನ ಅಳತೆಯೂ ಕೆಡದಂತೆ ತಂತ್ರಾಂಶ ಒಂದೊಂದು ತುಂಡನ್ನೂ ತಿರುಗಿಸಿ, ಹಿಗ್ಗಿಸಿ ಕೂರಿಸುತ್ತದೆ.

ನಿಜವಾದ ಕಷ್ಟ ಇರುವುದು ಇದರ ನಂತರ. ನೆಲದ ಮೇಲಿನ ದೂರದರ್ಶಕಕ್ಕೆ ಯಾವ ರಾತ್ರಿಯೂ ಪೂರ್ತಿ ಕತ್ತಲಲ್ಲ. ಚಂದ್ರನ ಬೆಳಕಿದೆ. ಮೇಲಿನ ವಾತಾವರಣಕ್ಕೇ ಒಂದು ಮಂದ ಹೊಳಪಿದೆ, ಅದು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. 1997ರಿಂದ 2001ರವರೆಗೆ ಅರಿಜೋನಾ ಮತ್ತು ಚಿಲಿಯ ಎರಡು ದೂರದರ್ಶಕಗಳು ಇಡೀ ಆಕಾಶವನ್ನು ಅವಕೆಂಪು ಬೆಳಕಿನಲ್ಲಿ ಚಿತ್ರಿಸಿದ 'ಟೂಮಾಸ್' ಸಮೀಕ್ಷೆಯಲ್ಲಿ ಇದೇ ದೊಡ್ಡ ಕಾಟ. ಪಕ್ಕಪಕ್ಕದ ಎರಡು ತುಂಡುಗಳನ್ನು ಹಾಗೆಯೇ ಜೋಡಿಸಿದರೆ ಒಂದು ಬೆಳ್ಳಗೆ, ಇನ್ನೊಂದು ಕಪ್ಪಗೆ ಕಂಡು ನಡುವೆ ಗೆರೆ ಎದ್ದು ಕಾಣುತ್ತದೆ. ಇಂಥ ಗೆರೆಗಳೂ 'ಬಾಹ್ಯಾಕಾಶದಲ್ಲಿ ಗೋಡೆ' ಎಂಬ ಕಥೆಗೆ ಒಳ್ಳೆಯ ಸರಕು.

ಮೊಂಟಾಜ್ ಇದಕ್ಕೆ ಜಾಣ ಉಪಾಯ ಮಾಡುತ್ತದೆ. ಎರಡು ತುಂಡುಗಳ ಅಂಚುಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಇಬ್ಬರೂ ನೋಡಿದ್ದು ಒಂದೇ ಆಕಾಶ. ಹಾಗಾಗಿ ಒಂದರಿಂದ ಇನ್ನೊಂದನ್ನು ಕಳೆದರೆ ನಕ್ಷತ್ರಗಳು ಮಾಯವಾಗಿ ಹಿನ್ನೆಲೆಯ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆ ವ್ಯತ್ಯಾಸಕ್ಕೆ ಓರೆಯಾದ ಹಲಗೆಯಂಥ ಒಂದು ಸಮತಲವನ್ನು ಹೊಂದಿಸಿ, ಅದನ್ನು ಚಿತ್ರದಿಂದ ಕಳೆಯುತ್ತಾರೆ. ಆದರೆ ಒಂದು ತುಂಡನ್ನು ಸರಿಮಾಡಿದರೆ ಆಚೆ ಪಕ್ಕದ್ದರ ಜೊತೆ ಜಗಳ ಶುರು. ಆದ್ದರಿಂದ ನೂರಾರು ತುಂಡುಗಳ ಲೆಕ್ಕವನ್ನು ಒಟ್ಟಿಗೇ ಬಿಡಿಸಬೇಕು. ಇಲ್ಲಿ ವಿಜ್ಞಾನಿಗಳ ಕೈ ಚಿತ್ರದ ಮೇಲೆ ಆಡುವುದು ನಿಜ, ಅದನ್ನು ಒಪ್ಪಿಕೊಳ್ಳಬೇಕು. ತುಂಡುಗಳೆಲ್ಲ ಒಂದೇ ಮಟ್ಟಕ್ಕೆ ಬರುತ್ತವೆ, ಆದರೆ ಆಕಾಶದ ನಿಜವಾದ ಹಿನ್ನೆಲೆ ಎಷ್ಟಿತ್ತು ಎಂಬುದು ಈ ಲೆಕ್ಕದಿಂದ ಗೊತ್ತಾಗುವುದಿಲ್ಲ. ಗೆಲಾಕ್ಸಿಯ ಸುತ್ತ ಹರಡಿದ ತೀರಾ ಮಂದವಾದ ಬೆಳಕನ್ನು ಅಳೆಯುವವರು ಇಂಥ ಚಿತ್ರವನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಆ ಬೆಳಕೂ ಹಿನ್ನೆಲೆಯೆಂದು ಕಳೆದುಹೋಗುವ ಅಪಾಯವಿದೆ.

ಕೊನೆಗೆ ಎಲ್ಲವನ್ನೂ ಕೂಡಿಸುವಾಗ, ಯಾವ ತುಂಡೂ ಮುಟ್ಟದ ಜಾಗಕ್ಕೆ ತಂತ್ರಾಂಶ ಏನನ್ನೂ ಊಹಿಸಿ ತುಂಬುವುದಿಲ್ಲ. 'ಇಲ್ಲಿ ಅಳತೆ ಇಲ್ಲ' ಎಂದು ಗುರುತು ಹಾಕುತ್ತದೆ. ಪರದೆಯ ಮೇಲೆ ಅದು ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ. ಚಿತ್ರದ ಜೊತೆಗೆ, ಯಾವ ಬಿಂದುವಿಗೆ ಎಷ್ಟು ದತ್ತಾಂಶ ಸಿಕ್ಕಿತ್ತು ಎಂದು ತೋರಿಸುವ ಇನ್ನೊಂದು ಕಡತವನ್ನೂ ಕೊಡುತ್ತದೆ. ಮುಚ್ಚಿಡಬೇಕೆಂದು ಹೊರಟವರು ಕಪ್ಪು ಚೌಕ ಬಿಟ್ಟು ಎಲ್ಲರ ಕಣ್ಣಿಗೆ ಬೀಳುತ್ತಾರೆಯೇ? ಪಕ್ಕದ ನಾಲ್ಕು ನಕ್ಷತ್ರ ಕಾಪಿ ಮಾಡಿ ಅಂಟಿಸುವುದು ಫೋನಿನಲ್ಲೇ ಆಗುವ ಕೆಲಸ.

2007ರಲ್ಲಿ ಬಂದ ಗೂಗಲ್ ಸ್ಕೈನಲ್ಲೂ ಹೀಗೇ ಆಯಿತು. ಮಹಾವ್ಯಾಧ ನಕ್ಷತ್ರಪುಂಜದ ಬಳಿ ಒಂದು ಕಪ್ಪು ಆಯತ ಕಂಡಿತು. 2012ರಲ್ಲಿ ಭೂಮಿಗೆ ಡಿಕ್ಕಿ ಹೊಡೆಯಲಿದೆ ಎನ್ನಲಾದ 'ನಿಬಿರು' ಗ್ರಹವನ್ನು ಅಲ್ಲಿ ಅಡಗಿಸಿದ್ದಾರೆ ಎಂಬ ಸುದ್ದಿ ಹಬ್ಬಿತು. ಆದರೆ ಗ್ರಹಗಳು ನಿಂತಲ್ಲಿ ನಿಲ್ಲುವುದಿಲ್ಲ, ಆಯತ ಮಾತ್ರ ಇದ್ದಲ್ಲೇ ಇತ್ತು. ಭೂಮಿಯತ್ತ ಬರುತ್ತಿದ್ದ ಗ್ರಹವಾಗಿದ್ದರೆ 2012ರ ಹೊತ್ತಿಗೆ ಅಂಗಳದಲ್ಲಿ ನಿಂತವರಿಗೆ ಬರಿಗಣ್ಣಿಗೇ ಕಾಣಬೇಕಿತ್ತು.

ಮುಂದಿನ ಸಲ ಇಂಥದ್ದು ಬಂದಾಗ ಫೋನಿನಲ್ಲೇ ಪರೀಕ್ಷಿಸಬಹುದು. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಖಗೋಳ ದತ್ತಾಂಶ ಕೇಂದ್ರದ 'ಅಲಾಡಿನ್ ಲೈಟ್' ಬ್ರೌಸರ್‌ನಲ್ಲೇ ತೆರೆಯುತ್ತದೆ. ಆ ಜಾಗದ ಹೆಸರು ಕೊಟ್ಟು ಸಮೀಕ್ಷೆಗಳನ್ನು ಒಂದೊಂದಾಗಿ ಬದಲಿಸಿ ನೋಡಿ. ಒಂದರ ಕಪ್ಪು ಚೌಕ ಇನ್ನೊಂದರಲ್ಲಿ ಇರುವುದಿಲ್ಲ, ಆ ಜಾಗದಲ್ಲಿ ಮಾಮೂಲಿ ನಕ್ಷತ್ರಗಳಿರುತ್ತವೆ.